ಬಿಕಾಂ ಕೊನೆಯ ಸೆಮ್: ಪಿಎಸ್‌ಸಿಯಾ, ಮಂಗಳೂರಾ, ಬೆಂಗಳೂರಾ? ಇರುವ ಎರಡು ತಿಂಗಳಲ್ಲಿ ಎಂತ ಮಾಡುವುದು?

ಅಡ್ಕಸ್ಥಳದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವ. ಬಿಕಾಂ ಕೊನೆಯ ಸೆಮ್‌ನಲ್ಲಿದ್ದೇನೆ, ಐಚ್ಛಿಕ ಸಹಕಾರ, ಕಣ್ಣೂರು ಯೂನಿವರ್ಸಿಟಿ. ಪರೀಕ್ಷೆಗೆ ಎರಡು ತಿಂಗಳು ಉಂಟು. ಪ್ರಾಜೆಕ್ಟ್ ಮುಗಿಯುತ್ತಾ ಬಂತು. ನಮ್ಮ ಕಡೆಯ ಒಂದು ಸರ್ವಿಸ್ ಸಹಕಾರಿ ಬ್ಯಾಂಕಿನ ಸಾಲ ವಸೂಲಾತಿ ಬಗ್ಗೆ ಮಾಡಿದ್ದು.

ಹತ್ತನೆಯವರೆಗೆ ಕನ್ನಡ ಮೀಡಿಯಂ. ಮನೆಯಲ್ಲಿ ತುಳು. ಮಲಯಾಳ ಮಾತಾಡಲು ತೊಂದರೆಯಿಲ್ಲ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಇಂಗ್ಲಿಷ್ ಬರೆಯುತ್ತೇನೆ, ಮಾತಾಡಬೇಕು ಅಂದರೆ ಬಾಯಿ ಕಟ್ಟುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮನಿಗೆ ಪಿಎಸ್‌ಸಿ, ಅಂದರೆ ಕೇರಳದ ಸರಕಾರಿ ಕೆಲಸದ ಪರೀಕ್ಷೆ, ಆಗಬೇಕು. ಬೆಂಗಳೂರಿನಲ್ಲಿರುವ ಭಾವ "ಮೊದಲು ಬಾ, ಏನಾದರೂ ಸಿಗುತ್ತದೆ" ಅನ್ನುತ್ತಾರೆ. ಕ್ಲಾಸಿನ ಅರ್ಧ ಜನ ಮಂಗಳೂರು ಅನ್ನುತ್ತಿದ್ದಾರೆ, ಇಬ್ಬರು ದುಬೈ. ಅಪ್ಪ ಏನೂ ಹೇಳುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಸಮಯಕ್ಕೆ ಮನೆಯಲ್ಲಿದ್ದರೆ ಅವರಿಗೆ ಸಾಕು.

ಕಾಲೇಜಿನಲ್ಲಿ ರೆಸ್ಯೂಮೆ ಮಾಡಲು ಹೇಳಿದರು. ಅರ್ಧ ಪುಟ ಆಗುವಾಗ ಬರೆಯಲು ಏನೂ ಉಳಿಯಲಿಲ್ಲ. ಹವ್ಯಾಸದ ಜಾಗದಲ್ಲಿ ವಾಲಿಬಾಲ್ ಅಂತ ಹಾಕಿದೆ. ಅನುಭವ ಸೊನ್ನೆ. ರಜೆಯಲ್ಲಿ ಪೆರ್ಲದಲ್ಲಿ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತೇನೆ, ಅಷ್ಟೇ.

ಕೋಚಿಂಗ್ ಸೇರಬೇಕಾ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕೋರ್ಸ್ ಮಾಡಬೇಕಾ, ಸುಮ್ನೆ ಪರೀಕ್ಷೆಗೆ ಓದಬೇಕಾ? ಗೊತ್ತಿದ್ದವರು ಹೇಳಿ. "ಮನಸ್ಸಿಗೆ ಇಷ್ಟವಾದದ್ದು ಮಾಡು" ಅಂತ ಮಾತ್ರ ಹೇಳಬೇಡಿ, ಅದನ್ನು ಕಾಲೇಜಿನ ಸೆಮಿನಾರಿನಲ್ಲೇ ಹೇಳಿಯಾಗಿದೆ.

ಮೀಂಜದ ಮಾರಾಯ:

ಸಪ್ಲಿ ಏನಾದರೂ ಉಂಟಾ? ಇದ್ದರೆ ಮೊದಲು ಅದು. ಬಾಕಿ ಎಲ್ಲ ಆಮೇಲೆ. ಒಂದು ಪೇಪರ್ ಬಾಕಿಯಿದ್ದು ಡಿಗ್ರಿ ಕೈಗೆ ಸಿಗದೆ, ಬಂದ ನೋಟಿಫಿಕೇಶನ್ ಎಲ್ಲ ನೋಡಿಕೊಂಡೇ ಕೂತವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ವಾಲಿಬಾಲ್ ತೆಗೆಯಬೇಡ. ನಮ್ಮ ಕಂಪನಿ ಟೀಮಿಗೆ ಒಬ್ಬ ಸೆಟರ್ ಬೇಕು.

ಉಪ್ಪಳ ಟು ಸೆಂಟ್ರಲ್:

ನಾನು ದಿನಾ ಉಪ್ಪಳದಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವಳು. ಒಂದು ಆಡಿಟ್ ಆಫೀಸಿನಲ್ಲಿ ಕೆಲಸ. ಹೊಸಬರು ಬಂದರೆ ಮೊದಲು ಮಾತಾಡಿಸುವುದು ನಾನೇ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದ ಮಾತ್ರ ಹೇಳುತ್ತೇನೆ.

ಕಾಸರಗೋಡಾ ಮಂಗಳೂರಾ ಬೆಂಗಳೂರಾ ಎಂಬುದನ್ನು ಈಗ ಬಿಡು. ಅದನ್ನು ಎರಡು ತಿಂಗಳು ಯೋಚಿಸಿದರೂ ಉತ್ತರ ಸಿಗುವುದಿಲ್ಲ, ತಲೆನೋವು ಮಾತ್ರ ಜಾಸ್ತಿ. ಯಾವ ಕಡೆ ಹೋದರೂ ಬೇಕಾಗುವುದು ಉಂಟಲ್ಲ, ಅದನ್ನು ಈಗ ಹಿಡಿ. ನಿನ್ನ ಪ್ರಶ್ನೆಯಲ್ಲೇ ಅದು ಉಂಟು, ನೀನು ಅದಕ್ಕೆ "ಅಷ್ಟೇ" ಅಂತ ಬರೆದಿದ್ದೀಯ.

ಹಾರ್ಡ್‌ವೇರ್ ಅಂಗಡಿ ಮಾರಾಯ! ಅದೂ ಗಡಿಯ ಪಕ್ಕದ ಪೆರ್ಲದಲ್ಲಿ!

ನಮ್ಮ ಆಫೀಸಿಗೆ ಬಿಕಾಂ ಮುಗಿಸಿ ಬಂದವರ ಮುಂದೆ ನಾನು ಒಂದು ಕಟ್ಟು ಬಿಲ್ ಇಡುತ್ತೇನೆ. ಯಾವುದೋ ಅಂಗಡಿಯ ಖರೀದಿ ಬಿಲ್‌ಗಳು. ಕೆಲವು ಪ್ರಿಂಟ್, ಕೆಲವು ಕೈಬರಹ, ಒಂದೆರಡು ಚಹಾ ಚೆಲ್ಲಿದವು. "ಇದನ್ನು ನೋಡಿ ಎಂತ ಅನ್ನಿಸುತ್ತದೆ ಹೇಳು" ಅನ್ನುತ್ತೇನೆ. ಹೆಚ್ಚಿನವರು ಮೊದಲು ಮೊತ್ತ ಕೂಡಿಸಲು ಹೋಗುತ್ತಾರೆ. ಜರ್ನಲ್ ಎಂಟ್ರಿಯ ವ್ಯಾಖ್ಯೆ ಕೇಳಿದರೆ ಅವರೇ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಬಿಲ್ಲಿನ ಮೂಲೆಯಲ್ಲಿರುವ ಜಿಎಸ್‌ಟಿಐಎನ್, ಅಂದರೆ ಅಂಗಡಿಯ ಜಿಎಸ್‌ಟಿ ನಂಬರ್ ಕಡೆಗೆ ಕಣ್ಣು ಹೋಗುವುದಿಲ್ಲ. ಹದಿನೈದು ಅಕ್ಷರದ ಆ ನಂಬರಿನಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಆಮೇಲಿನ ಹತ್ತು ಪಾನ್ ನಂಬರ್. ಕರ್ನಾಟಕ 29, ಕೇರಳ 32. ನಿನ್ನ ಚಿಕ್ಕಪ್ಪ ಕಾಸರಗೋಡಿನ ಡೀಲರ್‌ನಿಂದ ಪೈಪ್ ತರಿಸಿದರೆ ಅದು ರಾಜ್ಯದೊಳಗಿನ ಮಾರಾಟ, ಬಿಲ್ಲಿನಲ್ಲಿ ಸಿಜಿಎಸ್‌ಟಿ (ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಅಂತ ಎರಡು ಸಾಲು ಇರುತ್ತದೆ. ಮಂಗಳೂರಿನ ಡೀಲರ್ ಅಂಗಡಿಗೆ ಕಳಿಸಿಕೊಟ್ಟರೆ ಅದು ರಾಜ್ಯದಿಂದ ರಾಜ್ಯಕ್ಕೆ, ಐಜಿಎಸ್‌ಟಿ ಅಂತ ಒಂದೇ ಸಾಲು. ಬೆಂಗಳೂರಿನ ಹುಡುಗರು ಇದನ್ನು ಪುಸ್ತಕದಲ್ಲಿ ಓದಿ ಕಲಿಯಬೇಕು. ನಿನ್ನ ಚಿಕ್ಕಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ಎರಡೂ ಬಗೆಯ ಬಿಲ್ ಚುಚ್ಚಿ ಇಟ್ಟಿರುತ್ತಾರೆ.

ಹಾಗಾಗಿ ಮೊದಲ ಕೆಲಸ ಇದು. ಚಿಕ್ಕಪ್ಪನ ಹತ್ತಿರ ಒಂದು ತಿಂಗಳ ಬಿಲ್ ಎಲ್ಲ ಕೇಳು. ಟ್ಯಾಲಿಯ ಎಜುಕೇಶನಲ್ ಮೋಡ್ ಪುಕ್ಕಟೆ ಸಿಗುತ್ತದೆ, ತಾರೀಕು ಹಾಕುವುದರಲ್ಲಿ ಸ್ವಲ್ಪ ಕಟ್ಟುಪಾಡು ಉಂಟು, ಕಲಿಯಲು ಅಷ್ಟು ಸಾಕು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬ್. ಖರೀದಿ, ಮಾರಾಟ, ವಾಪಸು ಕಳಿಸಿದ ಮಾಲು, ಸಾಲಕ್ಕೆ ಕೊಟ್ಟದ್ದು ಎಲ್ಲ ಹಾಕು. ಎಲ್ಲಿ ಸಿಕ್ಕಿಬಿದ್ದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಅಂಗಡಿಯ ಲೆಕ್ಕ ನೋಡುವವರು ಯಾರೋ ಇರುತ್ತಾರಲ್ಲ, ಅವರನ್ನು ಹಿಡಿದು ಕೇಳು. ಜಿಎಸ್‌ಟಿ ರಿಟರ್ನ್ ಹಾಕಲು ಕೊನೆಯ ದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ 3ಬಿ. ಆ ಹತ್ತು ದಿನ ಮಾತ್ರ ಅವರ ಹತ್ತಿರ ಹೋಗಬೇಡ, ಬೈಸಿಕೊಳ್ಳುತ್ತೀಯ. ಆಡಿಟ್ ಆಫೀಸುಗಳಿಗೆ ಕೆಲಸ ಕೇಳಿ ಫೋನ್ ಮಾಡುವವರೂ ಇದನ್ನು ನೆನಪಿಟ್ಟುಕೊಳ್ಳಿ. 21ರ ಮೇಲೆ ಮಾಡಿದರೆ ನಾವು ಮನುಷ್ಯರ ಹಾಗೆ ಮಾತಾಡುತ್ತೇವೆ.

ಆಮೇಲೆ ರೆಸ್ಯೂಮೆ. "ಆಬ್ಜೆಕ್ಟಿವ್" ಅಂತ ಮೇಲೆ ನಾಲ್ಕು ಸಾಲು ಇರುತ್ತದಲ್ಲ, ಸವಾಲಿನ ವಾತಾವರಣದಲ್ಲಿ ಬೆಳೆಯಲು ಬಯಸುತ್ತೇನೆ ಅಂತ, ಅದನ್ನು ತೆಗೆ. ಎಲ್ಲರದ್ದೂ ಒಂದೇ, ಅದನ್ನು ಯಾರೂ ಓದುವುದಿಲ್ಲ. ಆ ಜಾಗದಲ್ಲಿ ಭಾಷೆ ಹಾಕು. ನಮ್ಮ ಕಡೆಯವರು ಭಾಷೆಯನ್ನು ಕೊನೆಯಲ್ಲಿ, ಹುಟ್ಟಿದ ತಾರೀಕಿನ ಕೆಳಗೆ ಬರೆಯುತ್ತಾರೆ. ಯಾಕೆ? ನಮ್ಮ ಆಫೀಸಿಗೆ ಬೆಳಿಗ್ಗೆ ಕಾಞಂಗಾಡಿನ ಗಿರಾಕಿ ಮಲಯಾಳದಲ್ಲಿ ಫೋನ್ ಮಾಡುತ್ತಾರೆ. ಬಂದರಿನ ವ್ಯಾಪಾರಿ ಬಂದು ತುಳುವಿನಲ್ಲಿ ಮಾತಾಡುತ್ತಾರೆ. ನೋಟಿಸಿಗೆ ಉತ್ತರ ಇಂಗ್ಲಿಷಿನಲ್ಲಿ ಹೋಗಬೇಕು. ಇದನ್ನೆಲ್ಲ ಒಬ್ಬನೇ ನಿಭಾಯಿಸಿದರೆ ಅವನನ್ನು ಯಾರು ಬಿಡುತ್ತಾರೆ? ದೇರಳಕಟ್ಟೆಯ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರ್, ಇನ್ಶೂರೆನ್ಸ್ ಡೆಸ್ಕ್ ನೋಡು. ಕಾಸರಗೋಡು ಕಡೆಯ ರೋಗಿಗಳು ಎಷ್ಟು ಬರುತ್ತಾರೆ ಅಂತ ನಿನಗೇ ಗೊತ್ತು. ಅಲ್ಲಿ ಮಲಯಾಳ, ಕನ್ನಡ, ತುಳು ಮೂರೂ ಬರುವವರು ಬೇಕೇ ಬೇಕು. ಆದರೆ "ಐದು ಭಾಷೆ ಗೊತ್ತು" ಅಂತ ಒಟ್ಟಿಗೆ ಬರೆಯಬೇಡ. ಮಾತಾಡುವುದು ಯಾವುದು, ಓದುವುದು ಯಾವುದು, ಬರೆಯುವುದು ಯಾವುದು ಅಂತ ಬಿಡಿಸಿ ಬರಿ. ಮಲಯಾಳ ಓದಲು ನಿಧಾನ ಅಂದರೆ ನಿಧಾನ ಅಂತಲೇ ಇರಲಿ.

ಹಾರ್ಡ್‌ವೇರ್ ಅಂಗಡಿಯನ್ನು ಅನುಭವದ ಕೆಳಗೆ ಹಾಕು. ಸಂಬಂಧಿಕರ ಅಂಗಡಿ ಅಂತ ನಾಚಿಕೆ ಬೇಡ. ದಿನಕ್ಕೆ ಹತ್ತಾರು ಗಿರಾಕಿಗಳಿಗೆ ಉತ್ತರ ಕೊಟ್ಟವನು, ಸಂಜೆ ಗಲ್ಲಾ ತಾಳೆ ನೋಡಿದವನು, ಇಪ್ಪತ್ತು ರೂಪಾಯಿ ಕಡಿಮೆ ಬಂದರೆ ಎಲ್ಲಿ ಹೋಯಿತು ಅಂತ ಹುಡುಕಿದವನು ನನಗೆ ಎ ಪ್ಲಸ್ ಗ್ರೇಡಿಗಿಂತ ಹೆಚ್ಚು ಬೇಕು.

ಇಂಗ್ಲಿಷ್ ಬಗ್ಗೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಈಗ ದುಡ್ಡು ಹಾಕಬೇಡ. ನಿನ್ನ ಪ್ರಾಜೆಕ್ಟ್ ಉಂಟಲ್ಲ, ಅದನ್ನೇ ಇಂಗ್ಲಿಷಿನಲ್ಲಿ ಜೋರಾಗಿ ಹೇಳು. ತೋಟದಲ್ಲಿ ಯಾರೂ ಕೇಳುವುದಿಲ್ಲ. ಯಾವ ಬ್ಯಾಂಕ್, ಎಷ್ಟು ಸಾಲ ಬಾಕಿ, ಯಾವ ಬಗೆಯ ಸಾಲ ಬೇಗ ವಸೂಲಾಯಿತು, ಯಾವುದು ಆಗಲಿಲ್ಲ, ಯಾಕೆ. ಇಂಟರ್‌ವ್ಯೂನಲ್ಲಿ "ನಿನ್ನ ಬಗ್ಗೆ ಹೇಳು" ಅಂದಾಗ ಎಲ್ಲರೂ ಅಪ್ಪನ ಹೆಸರು ಊರಿನ ಹೆಸರು ಹೇಳಿ ಮುಗಿಸುತ್ತಾರೆ. ಅಡಿಕೆಗೆ ರೋಗ ಬಂದ ವರ್ಷ ಬೆಳೆ ಸಾಲದ ವಸೂಲಿ ಎಂತ ಆಯಿತು ಅಂತ ನೀನು ಅಂಕಿ ಸಮೇತ ಹೇಳಿದರೆ, ವ್ಯಾಕರಣ ಸ್ವಲ್ಪ ಆಚೀಚೆ ಆದರೂ ಕೇಳುವವರು ಪೆನ್ ಕೆಳಗಿಡುತ್ತಾರೆ.

ಇನ್ನೊಂದು, ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತು ಮಾರಾಯ. ಈಗಿನ ಮಕ್ಕಳು ಎತ್ತುವುದೇ ಇಲ್ಲ. ನಾವು ಎರಡನೇ ಸಲ ಮಾಡುವುದಿಲ್ಲ.

ಫೈಲು ಗುಮಾಸ್ತ:

ಉಪ್ಪಳದವರು ಹೇಳಿದ್ದು ಸರಿ. ಅಮ್ಮನ ಪಕ್ಷ ಹಿಡಿಯಲು ಒಬ್ಬರಾದರೂ ಬೇಕಲ್ವಾ, ನಾನು ಹಿಡಿಯುತ್ತೇನೆ. ನಾನು ಕೇರಳ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತ, ಕನ್ನಡ ಮೀಡಿಯಂನವನೇ.

ನಿನ್ನ ಐಚ್ಛಿಕ ಸಹಕಾರ ಅಂತ ಓದಿದ ತಕ್ಷಣ ನನಗೆ ಹೊಳೆದದ್ದು ಸಹಕಾರಿ ಸರ್ವಿಸ್ ಪರೀಕ್ಷಾ ಮಂಡಳಿ. ಅದು ತಿರುವನಂತಪುರದಲ್ಲಿ ಉಂಟು, ಪಿಎಸ್‌ಸಿಯದ್ದಲ್ಲ, ಬೇರೆಯೇ. ಪ್ರಾಥಮಿಕ ಸಹಕಾರಿ ಸಂಘಗಳ, ಸರ್ವಿಸ್ ಸಹಕಾರಿ ಬ್ಯಾಂಕುಗಳ ಜೂನಿಯರ್ ಕ್ಲರ್ಕ್, ಕ್ಯಾಷಿಯರ್ ಹುದ್ದೆಗಳಿಗೆ ಅವರೇ ಪರೀಕ್ಷೆ ನಡೆಸುತ್ತಾರೆ. ಬರಿ ಡಿಗ್ರಿ ಇದ್ದವರು ಅದಕ್ಕೆ ಜೆಡಿಸಿ ಅಥವಾ ಎಚ್‌ಡಿಸಿ ಎಂಬ ಸಹಕಾರದ ಡಿಪ್ಲೊಮಾ ಕೋರ್ಸ್ ಮಾಡಬೇಕು. ಸಹಕಾರ ಐಚ್ಛಿಕವಾಗಿ ತೆಗೆದುಕೊಂಡ ಬಿಕಾಂ ಇದ್ದರೆ ಅದೇ ಸಾಕು. ನಿನ್ನ ಕ್ಲಾಸಿನ ಎಷ್ಟು ಜನರಿಗೆ ಇದು ಗೊತ್ತಿದೆ ಕೇಳಿ ನೋಡು. ಇಲ್ಲಿ ಓದುವ ಬೇರೆಯವರಿಗೂ ಒಂದು ಮಾತು. ಕಾಸರಗೋಡು ಜಿಲ್ಲೆಯ ಅಭ್ಯರ್ಥಿಗಳಿಗೆ ಕರ್ನಾಟಕ ರಾಜ್ಯ ಸಹಕಾರ ಫೆಡರೇಶನ್ನಿನ ಜಿಡಿಸಿಯನ್ನು ಜೆಡಿಸಿಗೆ ಸಮಾನ ಅಂತ ಒಪ್ಪುತ್ತಾರೆ. ಬೇರೆ ಜಿಲ್ಲೆಯವರಿಗೆ ಆ ಸೌಕರ್ಯ ಇಲ್ಲ. ಗಡಿಯಲ್ಲಿ ಹುಟ್ಟಿದ್ದಕ್ಕೆ ಸಿಗುವ ಲಾಭ ಕಡಿಮೆ, ಸಿಗುವುದನ್ನು ಬಿಡಬಾರದು.

ಪಿಎಸ್‌ಸಿಗೆ ಕೋಚಿಂಗ್ ಸೇರುವ ಮೊದಲು ಒನ್ ಟೈಮ್ ರಿಜಿಸ್ಟ್ರೇಶನ್ ಮಾಡು. ಅದಕ್ಕೆ ದುಡ್ಡಿಲ್ಲ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಬಲ್ಲ ಕ್ಲರ್ಕ್ ಅಂತ ಬೇರೆಯೇ ಹುದ್ದೆ ಕರೆಯುತ್ತಾರೆ, ಅದನ್ನು ಕಣ್ಣಿಟ್ಟು ಕಾಯಬೇಕು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಪಡೆಯುವ ಅವಕಾಶ ಭಾಷಾ ಅಲ್ಪಸಂಖ್ಯಾತರಿಗೆ ಉಂಟು, ಅದನ್ನು ಮೊದಲೇ ಆಯ್ದುಕೊಂಡಿರಬೇಕು, ಹಾಲ್‌ನಲ್ಲಿ ಕೇಳಿದರೆ ಆಗುವುದಿಲ್ಲ. ಮತ್ತೆ ಕನ್ಫರ್ಮೇಶನ್. ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪರೀಕ್ಷೆ ಬರೆಯುತ್ತೇನೆ ಅಂತ ಅವರು ಹೇಳಿದ ತಾರೀಕಿನೊಳಗೆ ಪ್ರೊಫೈಲಿಗೆ ಹೋಗಿ ಒತ್ತಬೇಕು. ಒತ್ತದಿದ್ದರೆ ಅರ್ಜಿ ಹೋಯಿತು, ಹಾಲ್ ಟಿಕೆಟ್ ಬರುವುದಿಲ್ಲ. ವರ್ಷಗಟ್ಟಲೆ ಓದಿ ಇದನ್ನು ಮರೆತವರನ್ನು ನೋಡಿದ್ದೇನೆ.

ಮಲಯಾಳ ಓದುವುದನ್ನು ಮಾತ್ರ ಇವತ್ತೇ ಹಿಡಿ. ಸಹಕಾರಿ ಬ್ಯಾಂಕಾದರೂ ಕಚೇರಿಯಾದರೂ ಸುತ್ತೋಲೆ ಬರುವುದು ಮಲಯಾಳದಲ್ಲಿ. ಮಾತು ಬರುವವನಿಗೆ ಓದು ದೊಡ್ಡ ವಿಷಯ ಅಲ್ಲ. ವರ್ಣಮಾಲೆಯ ಸಾಲು ನಮ್ಮದೇ. ಕನ್ನಡದವರಿಗೆ ಸಿಕ್ಕು ಬೀಳುವುದು ಚಿಲ್ಲಕ್ಷರದಲ್ಲಿ ಮತ್ತು ಕೂಡಕ್ಷರದಲ್ಲಿ. ಸ್ವರ ಇಲ್ಲದ ನ, ಣ, ರ, ಲ, ಳ ಈ ಐದಕ್ಕೆ ಬೇರೆ ರೂಪ, ಅದನ್ನು ಮೊದಲು ಕಲಿ. ಕತೆ ಕಾದಂಬರಿ ಬೇಡ. ಮನೆಗೆ ಬರುವ ಕರೆಂಟ್ ಬಿಲ್, ರೇಶನ್ ಕಾರ್ಡ್, ಪಂಚಾಯತಿನ ನೋಟಿಸ್, ನಿನ್ನ ಪ್ರಾಜೆಕ್ಟಿನ ಬ್ಯಾಂಕಿನ ಸಾಲದ ಅರ್ಜಿ ಫಾರಂ, ಇದೇ ಪಠ್ಯ. ಕಚೇರಿಯ ಮಲಯಾಳ ಅಂದರೆ ಇಷ್ಟೇ ಮಾತುಗಳು ತಿರುಗಿ ತಿರುಗಿ ಬರುವುದು.

ಕೊನೆಗೆ ಹೆಸರು. ನಿನ್ನ ಎಸ್‌ಎಸ್‌ಎಲ್‌ಸಿ, ಆಧಾರ್, ಪಾನ್ ಮೂರನ್ನೂ ಮೇಜಿನ ಮೇಲೆ ಇಟ್ಟು ನೋಡು. ನಮ್ಮ ಕಡೆ ಇನಿಶಿಯಲ್ ಹೆಸರಿನ ಹಿಂದೆ ಒಮ್ಮೆ, ಮುಂದೆ ಒಮ್ಮೆ. ಪಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆಯಬೇಕು. ಬಿಡಿಸುವಾಗ ಒಬ್ಬ ಮನೆಯ ಹೆಸರು ಬರೆಯುತ್ತಾನೆ, ಇನ್ನೊಬ್ಬ ಅಪ್ಪನ ಹೆಸರು. ಕೆಲಸಕ್ಕೆ ಸೇರುವಾಗ ಪಿಎಫ್ ಖಾತೆ ಆಧಾರ್‌ಗೆ ತಾಳೆ ಆಗದೆ ನಿಲ್ಲುತ್ತದೆ. ಡಿಗ್ರಿ ಸರ್ಟಿಫಿಕೇಟ್ ಎಸ್‌ಎಸ್‌ಎಲ್‌ಸಿಯನ್ನೇ ಅನುಸರಿಸುವುದರಿಂದ, ಎಸ್‌ಎಸ್‌ಎಲ್‌ಸಿಯನ್ನು ಹಾಗೇ ಬಿಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸುವುದು ಸುಲಭ.

ಶಾಖೆಯ ಕೌಂಟರಿನಿಂದ:

ಬ್ಯಾಂಕ್ ಪರೀಕ್ಷೆ ಯಾರೂ ಹೇಳಲಿಲ್ಲವಲ್ಲ. ಎಸ್‌ಬಿಐ ಕ್ಲರ್ಕ್ ಪರೀಕ್ಷೆಗೆ ಒಂದು ರಾಜ್ಯ ಆಯ್ದು ಅರ್ಜಿ ಹಾಕಬೇಕು, ಆ ರಾಜ್ಯದ ಭಾಷೆ ಬರಬೇಕು. ನೀನು ಕೇರಳದಲ್ಲಿ ಹುಟ್ಟಿದವ ಅಂತ ಕರ್ನಾಟಕಕ್ಕೆ ಹಾಕಬಾರದು ಅಂತೇನಿಲ್ಲ. ಹತ್ತನೆಯ ಅಥವಾ ಹನ್ನೆರಡನೆಯ ಅಂಕಪಟ್ಟಿಯಲ್ಲಿ ಕನ್ನಡ ಓದಿದ್ದು ಕಾಣಿಸಿದರೆ ಭಾಷಾ ಪರೀಕ್ಷೆಯೂ ಬೇಡ. ನಿನ್ನ ಕನ್ನಡ ಮೀಡಿಯಂ ಅಂಕಪಟ್ಟಿಗೆ ಅಲ್ಲಿ ಬೆಲೆ ಉಂಟು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಮೀಸಲಾತಿ ಇರುವವರು ಒಂದು ನೋಡಿಕೊಳ್ಳಿ. ಕೇರಳದ ಜಾತಿ ಸರ್ಟಿಫಿಕೇಟ್ ಹಿಡಿದು ಕರ್ನಾಟಕ ಸರಕಾರದ ಹುದ್ದೆಯಲ್ಲಿ ಮೀಸಲಾತಿ ಕೇಳಲು ಆಗುವುದಿಲ್ಲ. ಬ್ಯಾಂಕಿನಲ್ಲಿ ಕೇಂದ್ರದ ಪಟ್ಟಿ ನೋಡುತ್ತಾರೆ. ಒಬಿಸಿಯವರು ಕೇಂದ್ರದ ನಮೂನೆಯ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟನ್ನೇ ಮಾಡಿಸಬೇಕು, ರಾಜ್ಯದ್ದು ಬೇರೆ.

ಅಡ್ಕಸ್ಥಳದವ:

ಇಷ್ಟು ಉತ್ತರ ಬರುತ್ತದೆ ಅಂತ ಗೊತ್ತಿರಲಿಲ್ಲ, ತುಂಬ ಥ್ಯಾಂಕ್ಸ್. ಸಹಕಾರಿ ಪರೀಕ್ಷೆಯ ವಿಷಯ ಕ್ಲಾಸಿನ ಗ್ರೂಪಿನಲ್ಲಿ ಕೇಳಿದೆ. ಇಬ್ಬರಿಗೆ ಗೊತ್ತಿತ್ತು, ಅವರು ಯಾರಿಗೂ ಹೇಳಿರಲಿಲ್ಲ!

ಹೆಸರು ನೋಡಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಶಿಯಲ್ ಹಿಂದೆ ಉಂಟು, ಆಧಾರ್‌ನಲ್ಲಿ ಇನಿಶಿಯಲ್ ಇಲ್ಲವೇ ಇಲ್ಲ. ಪಾನ್ ಇನ್ನೂ ಮಾಡಿಸಿಲ್ಲ. ಅಪ್ಪನ ದಾಖಲೆಯಲ್ಲಿ ಅವರ ಹೆಸರೇ ಎರಡು ಬಗೆಯಲ್ಲಿ ಉಂಟು, ಅದಕ್ಕೆ ಎಂತ ಮಾಡುವುದು?

ಫೈಲು ಗುಮಾಸ್ತ:

ಪಾನ್ ಮಾಡಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಮೊದಲು ಆಧಾರ್ ಸರಿ ಮಾಡಿಸು, ಆಮೇಲೆ ಪಾನ್. ಅಪ್ಪನದ್ದಕ್ಕೆ ಇಬ್ಬರೂ ಒಬ್ಬರೇ ಅಂತ ವಿಲ್ಲೇಜ್ ಆಫೀಸಿನಿಂದ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಆಯಿತು. ಪೆರ್ಲದಲ್ಲಿ ಹಾಕುವಾಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದನ್ನು ನೀನೇ ಓದಿ ನೋಡು. ಕನ್ನಡದ ಹೆಸರುಗಳು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಬೇರೆ ಯಾರದ್ದೋ ಆಗಿರುತ್ತವೆ.

ಮಜೆಸ್ಟಿಕ್ ಪ್ಯಾಸೆಂಜರ್:

ನಾನು ಬದಿಯಡ್ಕದವ, ಈಗ ಬೆಂಗಳೂರು. ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಬೇಡಿ.

ಪಿಎಸ್‌ಸಿ, ಸಹಕಾರಿ ಬ್ಯಾಂಕು ಎಲ್ಲ ಒಳ್ಳೆಯದೇ. ಆದರೆ ಪರೀಕ್ಷೆ ಬರೆದು, ರ‍್ಯಾಂಕ್ ಪಟ್ಟಿ ಬಂದು, ಕೆಲಸಕ್ಕೆ ಶಿಫಾರಸು ಆದ ಅಡ್ವೈಸ್ ಮೆಮೊ ಮನೆಗೆ ಬರುವವರೆಗೆ ಎಂತ ಮಾಡುವುದು? ನಮ್ಮ ಊರಿನಲ್ಲಿ "ಪಿಎಸ್‌ಸಿಗೆ ಓದುತ್ತಿದ್ದಾನೆ" ಅಂದರೆ ಅದೇ ಒಂದು ಉದ್ಯೋಗ ಆಗಿಬಿಟ್ಟಿದೆ. ಓದುವುದಾದರೆ ಕೆಲಸ ಮಾಡುತ್ತಾ ಓದು. ನಾಲ್ಕು ಜನ ಬೇರೆ ಊರಿನವರ ಜೊತೆ ಒಂದು ವರ್ಷ ಕೂತರೆ ಬಾಯಿ ತಾನಾಗಿ ಬಿಡುತ್ತದೆ, ಇಂಗ್ಲಿಷೂ ಹಿಂದಿಯೂ. ತೋಟದಲ್ಲಿ ಅಡಿಕೆಮರಕ್ಕೆ ಇಂಗ್ಲಿಷ್ ಹೇಳಿದರೆ ಅದು ತಿರುಗಿ ಮಾತಾಡುವುದಿಲ್ಲ ಉಪ್ಪಳದ ಅಕ್ಕ.

ಬೆಂಗಳೂರಿಗೆ ಬರುವವರಿಗೆ ಎರಡು ವಿಷಯ. ಒಂದು, ಸಂಬಳದ ಲೆಕ್ಕ. ವರ್ಷಕ್ಕೆ 2.4 ಲಕ್ಷ ಸಿಟಿಸಿ (ನಿಮ್ಮ ಮೇಲೆ ಕಂಪನಿಯ ಒಟ್ಟು ಖರ್ಚು) ಅಂದರೆ ತಿಂಗಳಿಗೆ 20 ಸಾವಿರ ಕೈಗೆ ಬರುತ್ತದೆ ಅಂತ ಮನೆಯಲ್ಲಿ ಹೇಳಬೇಡಿ. ಬೇಸಿಕ್ 10 ಸಾವಿರ ಅಂತ ಇಟ್ಟುಕೊಂಡರೆ ಪಿಎಫ್‌ಗೆ ನಿಮ್ಮದು 12 ಶೇಕಡಾ, ಕಂಪನಿಯದ್ದು 12 ಶೇಕಡಾ. ಕಂಪನಿಯ ಆ 1,200 ರೂಪಾಯಿಯನ್ನೂ ಸಿಟಿಸಿಯ ಒಳಗೇ ತೋರಿಸುತ್ತಾರೆ. ಇಎಸ್‌ಐ ಎಂಬ ನೌಕರರ ವಿಮೆ ಬೇರೆ, ಅದೂ ಹಾಗೆಯೇ ಎರಡೂ ಕಡೆಯದ್ದು. ಕೊನೆಗೆ ಕೈಗೆ ಬರುವುದು 17 ಸಾವಿರದ ಆಸುಪಾಸು. ಅದರಲ್ಲಿ ಪಿಜಿ, ಬಸ್ಸು, ಹಬ್ಬಕ್ಕೆ ಊರಿಗೆ ಬರುವ ಟಿಕೆಟ್. ಮೊದಲ ಸಂಬಳ ಬರುವ ಮೊದಲೇ ಪಿಜಿಯವರು ಅಡ್ವಾನ್ಸ್ ಕೇಳುತ್ತಾರೆ. ಹಾಗಾಗಿ ಹೊರಡುವಾಗ ಎರಡು ತಿಂಗಳ ಖರ್ಚು ಜೇಬಿನಲ್ಲಿರಲಿ, ಇಲ್ಲದಿದ್ದರೆ ಸಿಕ್ಕಿದ ಮೊದಲ ಕೆಲಸಕ್ಕೆ ತಲೆ ಕೊಡಬೇಕಾಗುತ್ತದೆ.

ಎರಡು, ಕೆಲಸ ಕೊಡಲು ದುಡ್ಡು ಕೇಳಿದರೆ ಎದ್ದು ಬನ್ನಿ. ಟ್ರೈನಿಂಗ್ ಫೀ, ಯೂನಿಫಾರಂ ಫೀ, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಿನಲ್ಲಾದರೂ. ಒಂದು ಕಡೆ ನನ್ನ ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರು. ಕೆಲಸ ಬಿಡುವಾಗ ಕೊಡುತ್ತಾರಂತೆ. ನಾನು ಝೆರಾಕ್ಸ್ ಕೊಟ್ಟು ಬಂದೆ, ಅವರು ಮತ್ತೆ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ದುಬೈಗೆ ಹೋಗುವ ಇಬ್ಬರು ಗೆಳೆಯರಿಗೂ ಹೇಳು, ಏಜೆಂಟಿನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಉಂಟಾ ಅಂತ ನೋಡಲಿ. ಸರ್ಟಿಫಿಕೇಟ್ ಅಟೆಸ್ಟೇಶನ್ ಕೇರಳ ಸರಕಾರದ ನೋರ್ಕಾ ರೂಟ್ಸ್‌ನಲ್ಲಿ ಆಗುತ್ತದೆ, ಏಜೆಂಟಿಗೆ ಅದಕ್ಕೂ ದುಡ್ಡು ಕೊಡುವುದು ಬೇಡ.

ಉಪ್ಪಳ ಟು ಸೆಂಟ್ರಲ್:

ಮಜೆಸ್ಟಿಕ್‌ನವರೆ, ಅಡಿಕೆಮರ ತಿರುಗಿ ಮಾತಾಡುವುದಿಲ್ಲ, ನಗುವುದೂ ಇಲ್ಲ. ಹೆದರುವವನಿಗೆ ಮೊದಲ ವಾರ ಅದೇ ಬೇಕಾದದ್ದು. ಆದರೆ ಕೆಲಸ ಮಾಡುತ್ತಾ ಓದಬೇಕು ಎಂಬುದಕ್ಕೆ ನನ್ನ ಮತವೂ ಉಂಟು.

ಸಿಎ ಮಾಡುವ ಆಸೆ ಏನಾದರೂ ಇದ್ದರೆ ಹೇಳು ಹುಡುಗ. ಬಿಕಾಂನಲ್ಲಿ 55 ಶೇಕಡಾ ಬಂದರೆ ಫೌಂಡೇಶನ್ ಇಲ್ಲದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು, ಈಗ ಎರಡು ವರ್ಷ. ಸ್ಟೈಪೆಂಡ್ ಕಡಿಮೆ, ಬಸ್ಸಿಗೂ ಊಟಕ್ಕೂ ಸರಿಯಾಗುತ್ತದೆ. ಸಿಎ ಮುಗಿಸದಿದ್ದರೂ ಆ ಕೆಲಸ ಕಲಿತವರು ಖಾಲಿ ಕೂರುವುದನ್ನು ನಾನು ಕಂಡಿಲ್ಲ. ಆಸೆ ಇಲ್ಲದಿದ್ದರೆ ಅದು ಬೇಡ, ಸುಮ್ನೆ ಇನ್ನೊಂದು ಹೊರೆ.

ಬಿಲ್ ಕಟ್ಟು ತೆಗೆದೆಯಾ?

ಅಡ್ಕಸ್ಥಳದವ:

ತೆಗೆದೆ. ಚಿಕ್ಕಪ್ಪ ಮೊದಲು "ಇನ್‌ಕಂ ಟ್ಯಾಕ್ಸಿನವ ಬಂದ" ಅಂತ ಗಿರಾಕಿಗಳ ಎದುರೇ ತಮಾಷೆ ಮಾಡಿದರು. ಆಮೇಲೆ ಅವರಿಗೇ ಆಸಕ್ತಿ ಬಂತು. ಲ್ಯಾಬಿನಲ್ಲಿ ಟ್ಯಾಲಿಗೆ ಹಾಕುತ್ತಿದ್ದೇನೆ.

ಒಂದು ಡೌಟು. ಗಡಿಯಾಚೆ ಕರ್ನಾಟಕದ ವಿಟ್ಲದ ಒಂದು ಅಂಗಡಿಯ ಬಿಲ್‌ಗಳು ಉಂಟು. ಅರ್ಜೆಂಟ್ ಬೇಕಾದಾಗ ಚಿಕ್ಕಪ್ಪ ಬೈಕಿನಲ್ಲಿ ಹೋಗಿ ತರುವುದು. ಅಂಗಡಿಯ ಜಿಎಸ್‌ಟಿಐಎನ್ 29ರಿಂದಲೇ ಶುರು. ಆದರೆ ಬಿಲ್ಲಿನಲ್ಲಿ ಐಜಿಎಸ್‌ಟಿ ಇಲ್ಲ, ಸಿಜಿಎಸ್‌ಟಿ ಎಸ್‌ಜಿಎಸ್‌ಟಿ ಎರಡು ಸಾಲು ಉಂಟು. ಖರೀದಿದಾರನ ಜಾಗದಲ್ಲಿ "ಕ್ಯಾಶ್" ಅಂತ ಮಾತ್ರ ಬರೆದಿದ್ದಾರೆ. ಇದನ್ನು ಹೇಗೆ ಹಾಕುವುದು? ನೀವು ಹೇಳಿದ್ದಕ್ಕೆ ತಾಳೆ ಆಗುವುದಿಲ್ಲ.

ಉಪ್ಪಳ ಟು ಸೆಂಟ್ರಲ್:

ಭಲೇ. ನಾನು ಇಡುವ ಕಟ್ಟಿನಲ್ಲಿ ಇಂಥದ್ದೇ ಒಂದು ಬಿಲ್ ಬೇಕೆಂತಲೇ ಸೇರಿಸಿರುತ್ತೇನೆ.

ಚಿಕ್ಕಪ್ಪ ಕೌಂಟರಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಕೊಡಲಿಲ್ಲ. ಹಾಗಾಗಿ ವಿಟ್ಲದವರು ಊರಿನ ಯಾರೋ ಗಿರಾಕಿ ಅಂತ ಕರ್ನಾಟಕದೊಳಗಿನ ಮಾರಾಟದ ಹಾಗೆ ಬಿಲ್ ಮಾಡಿದ್ದಾರೆ. ಆ ತೆರಿಗೆ ಚಿಕ್ಕಪ್ಪನಿಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅವರು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಲು ಆಗುವುದಿಲ್ಲ. ಟ್ಯಾಲಿಯಲ್ಲಿ ತೆರಿಗೆ ಸೇರಿಸಿದ ಪೂರ್ತಿ ಮೊತ್ತವನ್ನೇ ಮಾಲಿನ ಖರೀದಿ ಬೆಲೆ ಅಂತ ಹಾಕು. ಮುಂದಿನ ಸಲ ಹೋಗುವಾಗ ನಂಬರ್ ಕೊಟ್ಟು, ಪೆರ್ಲದ ಅಂಗಡಿಯ ಹೆಸರಿನಲ್ಲಿ ಐಜಿಎಸ್‌ಟಿ ಬಿಲ್ ಮಾಡಿಸಲು ಹೇಳು. ಹಾರ್ಡ್‌ವೇರಿನಲ್ಲಿ ಹೆಚ್ಚಿನದಕ್ಕೆ 18 ಶೇಕಡಾ. ವರ್ಷದ ವಿಟ್ಲದ ಬಿಲ್ ಎಲ್ಲ ಕೂಡಿಸಿ, ಎಷ್ಟು ತೆರಿಗೆ ಕೈಬಿಟ್ಟು ಹೋಗಿದೆ ಅಂತ ಲೆಕ್ಕ ಹಾಕಿ ಅವರಿಗೆ ತೋರಿಸು. ಆ ಅಂಕಿಯನ್ನು ರೆಸ್ಯೂಮೆಯಲ್ಲಿ ಅಂಗಡಿಯ ಅನುಭವದ ಕೆಳಗೆ ಒಂದು ಸಾಲು ಬರಿ.

ಬರೆದಾದ ಮೇಲೆ ನನಗೆ ಮೆಸೇಜ್ ಮಾಡು. 21ರ ಮೇಲೆ.